ತೊಳೆಯಬಾರದ ಸ್ಪಂಜು

ಅತ್ತಿಗೆ ನಮ್ಮ ಮನೆಗೆ ಬಂದರೆ ಮೊದಲು ನೋಡುವುದು ನಮ್ಮ ಮುಖಗಳನ್ನಲ್ಲ, ಸ್ವಿಚ್ಚುಗಳ ಸುತ್ತಲಿನ ಗೋಡೆಯನ್ನು. ಚಪ್ಪಲಿ ಬಿಡುತ್ತಲೇ ಅಲ್ಲಿ ಬೆರಳಿಟ್ಟು ಒಮ್ಮೆ ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ "ಚೆನ್ನಾಗಿದೀಯೇನೇ?" ಎನ್ನುತ್ತಾರೆ. ಹದಿನೈದು ವರ್ಷಗಳಿಂದ ನಾನು "ಚೆನ್ನಾಗಿದೀನಿ ಅತ್ತಿಗೆ" ಎನ್ನುತ್ತಲೇ ಬಂದಿದ್ದೇನೆ.

ಅವರು ನನ್ನ ಗಂಡನ ಅಕ್ಕ. ದೊಡ್ಡ ಆಸ್ಪತ್ರೆಯೊಂದರಲ್ಲಿ ಇಪ್ಪತ್ತಾರು ವರ್ಷ ಸ್ವಚ್ಛತೆಯ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾದವರು. ತಾಯಿ ಬೇಗ ತೀರಿಕೊಂಡಿದ್ದರಿಂದ ಇವರನ್ನು ಎತ್ತಿ ಬೆಳೆಸಿದ್ದು ಅವರೇ. ಮಗಳು ಹುಟ್ಟಿದಾಗ ನನಗೆ ಜ್ವರ ಬಿಡದೆ ಹದಿನೆಂಟು ದಿನ ಹಾಸಿಗೆ ಹಿಡಿದಿದ್ದೆ. ಆಗ ಮಗುವಿನ ಬಟ್ಟೆ ಒಗೆದು, ಹಾಲಿನ ಬಾಟಲಿ ಕುದಿಸಿ, ಅದನ್ನು ಬದುಕಿಸಿಕೊಂಡವರೂ ಅವರೇ. ಆ ಮಾತು ನೆನಪಾದಾಗಲೆಲ್ಲ ನನ್ನ ಬಾಯಿ ಕಟ್ಟುತ್ತದೆ. ಅವರು ನನ್ನ ಡಬ್ಬಿಗಳನ್ನು ಇಳಿಸಿ ಒರೆಸಿ, ನಾನಿಟ್ಟಲ್ಲಿ ಇಡದೆ ತಮಗೆ ಸರಿ ಕಂಡಲ್ಲಿ ಇಟ್ಟು ಹೋದ ಮೇಲೆ, ಉಪ್ಪಿನ ಡಬ್ಬಿ ಹುಡುಕುತ್ತ ನಾನು ಒಬ್ಬಳೇ ಹಲ್ಲು ಕಡಿಯುತ್ತೇನೆ. ಅಷ್ಟೇ ನನ್ನ ಸಿಟ್ಟಿನ ವ್ಯಾಪ್ತಿ. ಅಷ್ಟೇ ಆಗಿತ್ತು.

ಮಗಳಿಗೆ ಈಗ ಹದಿಮೂರು. ಗಲ್ಲದ ಮೇಲೆ ಮಚ್ಚೆ ಇರುವುದರಿಂದ ಎಲ್ಲರಿಗೂ ಅವಳು ಚುಕ್ಕಿ. ಯಾವುದನ್ನೂ ಒಂದು ವಾರಕ್ಕಿಂತ ಹೆಚ್ಚು ಹಿಡಿದು ಕೂತವಳಲ್ಲ. ನೃತ್ಯ ಬಿಟ್ಟಳು, ಚಿತ್ರ ಬಿಟ್ಟಳು, ಸೈಕಲ್ಲನ್ನು ಮೂಲೆಗೆ ನಿಲ್ಲಿಸಿದಳು. ಮೀನಿನ ಟ್ಯಾಂಕು ಬೇಕು ಎಂದಾಗ ಇವರು, "ಇದು ಎಷ್ಟು ದಿನದ ಹುಚ್ಚು?" ಎಂದು ಕೇಳಿದ್ದರು.

ಎರಡು ಅಡಿ ಉದ್ದದ ಗಾಜಿನ ಟ್ಯಾಂಕು ಬಂತು. ಇವರು ಲಿಫ್ಟ್ ರಿಪೇರಿ ಕೆಲಸದವರು, ಅಳತೆ ತಪ್ಪುವುದಿಲ್ಲ. ನೀರು ತುಂಬಿದರೆ ಎಷ್ಟು ಭಾರ ಎಂದು ಲೆಕ್ಕ ಹಾಕಿ, ಹಜಾರದಲ್ಲಿ ನನ್ನ ಹೊಲಿಗೆ ಮಷಿನ್ನಿನ ಪಕ್ಕದಲ್ಲಿ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿದರು. ಚುಕ್ಕಿ ಸಣ್ಣ ಕಲ್ಲುಗಳನ್ನು ತೊಳೆದು ಹಾಸಿದಳು, ಮೂರು ಗಿಡ ನೆಟ್ಟಳು, ಫಿಲ್ಟರ್ ಹಚ್ಚಿದಳು. ನೀರಿನಲ್ಲಿ ಗುಳ್ಳೆ ಏಳತೊಡಗಿತು. ಮೀನು ಮಾತ್ರ ಬರಲಿಲ್ಲ.

ಒಂದು ವಾರ ಆಯಿತು, ಎರಡು ವಾರ ಆಯಿತು. ದಿನಾ ಬೆಳಿಗ್ಗೆ ಅವಳು ಖಾಲಿ ನೀರಿಗೆ ಒಂದು ಚಿಟಿಕೆ ಮೀನಿನ ಊಟ ಹಾಕುತ್ತಿದ್ದಳು.

"ಯಾವ ದೆವ್ವಕ್ಕೆ ಬಡಿಸ್ತಿದೀಯೇ?" ಎಂದು ಇವರು ನಕ್ಕರು.

"ಕಾಣದೇ ಇರೋರಿಗೆ ಅಪ್ಪ," ಎಂದಳು ಅವಳು, ನಗದೆ.

ನನಗೆ ಅವಳೇ ಕೂರಿಸಿ ಬಿಡಿಸಿ ಹೇಳಿದ್ದಳು. ಮೀನು ತಿಂದು ಹೊಲಸು ಮಾಡುತ್ತದೆ, ಅದರಿಂದ ನೀರಿನಲ್ಲಿ ಅಮೋನಿಯಾ ಆಗುತ್ತದೆ, ಅದು ಮೀನಿಗೆ ವಿಷ. ಆದರೆ ಫಿಲ್ಟರಿನ ಸ್ಪಂಜಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡರೆ ಅವು ಆ ವಿಷವನ್ನೇ ತಿಂದು ಬದುಕುತ್ತವೆ. ಖಾಲಿ ನೀರಿಗೆ ಹಾಕಿದ ಊಟ ಕೊಳೆತರೂ ಅದೇ ವಿಷವಾಗಿ ಅವುಗಳಿಗೆ ಆಹಾರ ಸಿಗುತ್ತದೆ. ಅವು ಬಂದು ನೆಲೆಯೂರಲು ಐದಾರು ವಾರ ಬೇಕು. ಅಲ್ಲಿಯವರೆಗೆ ಮೀನು ತರಬಾರದು. ಸ್ಪಂಜು ಕಂದು ಬಣ್ಣಕ್ಕೆ ತಿರುಗಿ ಕೊಳಕಾಗಿ ಕಂಡರೆ ಅದೇ ಒಳ್ಳೆಯದು. ತೀರಾ ಕಟ್ಟಿಕೊಂಡರೆ ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಹಿಂಡಬೇಕು. ನಲ್ಲಿ ನೀರಿನ ಕೆಳಗೆ ಹಿಡಿಯಬಾರದು. ಸೋಪಂತೂ ಮುಟ್ಟಿಸಲೇಬಾರದು.

ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಹನಿ ಹಾಕಿ ಅಲುಗಿಸುತ್ತಿದ್ದಳು. ಹಸಿರಾದರೆ ವಿಷ ಇದೆ, ಹಳದಿಯಾದರೆ ಇಲ್ಲ. ನಲವತ್ತೊಂದನೇ ದಿನ ನೀರು ಹಳದಿಯಾಯಿತು. ಮತ್ತೆ ನಾಲ್ಕು ದಿನ ಹಳದಿಯಾಗಿಯೇ ಇತ್ತು. ಒಂದು ವಾರದ ಹುಚ್ಚಿನವಳು ಎಂದು ನಾವೆಲ್ಲ ನಗುತ್ತಿದ್ದ ಹುಡುಗಿ ನಲವತ್ತೈದು ದಿನ ಬರಿ ನೀರು ಕಾದಿದ್ದಳು. ಆಮೇಲೆ ಹನ್ನೊಂದು ಮೀನು ತಂದಳು. ನೀಲಿ ಕೆಂಪು ಗೆರೆಯ ಆರು ನಿಯಾನ್ ಟೆಟ್ರಾ, ನಾಲ್ಕು ಗಪ್ಪಿ, ತಳದಲ್ಲಿ ಮೂತಿ ಆಡಿಸುತ್ತ ಓಡಾಡುವ ಮೀಸೆಯ ಮೀನೊಂದು. ಎರಡು ತಿಂಗಳು ಒಂದೂ ಸಾಯಲಿಲ್ಲ. ನಾನು ಪ್ಯಾಂಟುಗಳ ಕಾಲಂಚು ಮಡಿಚಿ ಹೊಲಿಯುವಾಗ ಕಣ್ಣು ಸೋತರೆ ಆ ಕಡೆ ನೋಡುತ್ತಿದ್ದೆ.

ಒಂದು ಬುಧವಾರ ಅತ್ತಿಗೆ ಬಂದರು.

ಚುಕ್ಕಿ ಶಾಲೆಗೆ ಹೋಗಿದ್ದಳು. ಅತ್ತಿಗೆ ಗೋಡೆ ನೋಡಿ, ಕಿಟಕಿಯ ಸರಳು ನೋಡಿ, ಟ್ಯಾಂಕಿನ ಮುಂದೆ ಬಂದು ನಿಂತರು. ಗಾಜಿನ ಒಂದು ಮೂಲೆಯಲ್ಲಿ ಹಸಿರು ಪಾಚಿ ಕೂತಿತ್ತು. ಮುಚ್ಚಳ ಎತ್ತಿ ಫಿಲ್ಟರಿನೊಳಗೆ ಇಣುಕಿದರು.

"ಅಯ್ಯೋ, ಇದೇನೇ ಇದು? ಮೋರಿ ಇದ್ದಂಗಿದೆ!"

"ಅದು ಚುಕ್ಕಿದು ಅತ್ತಿಗೆ. ಅವಳೇ ನೋಡ್ಕೋತಾಳೆ."

"ನೋಡ್ಕೊಂಡಿರೋದು ಕಾಣ್ತಿದೆಯಲ್ಲ. ಪಾಪ, ಈ ಮೀನುಗಳು ಉಸಿರಾಡೋದು ಹೇಗೆ? ಒಂದು ದೊಡ್ಡ ಪಾತ್ರೆ ಕೊಡು."

"ಅದನ್ನ ತೊಳೀಬಾರದಂತೆ..."

"ತೊಳೀಬಾರದು ಅನ್ನೋ ವಸ್ತು ಈ ಪ್ರಪಂಚದಲ್ಲಿ ನಾನಿನ್ನೂ ನೋಡಿಲ್ಲ ಕಣೇ," ಎಂದು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

ಅಲ್ಲಿಗೆ ನಾನು ಸುಮ್ಮನಾದೆ. ಒಂದು ಸಲ ಹೇಳಿದೆ, ಅರ್ಧ ಹೇಳಿದೆ, ಬಿಟ್ಟೆ. ಪಾತ್ರೆ ಕೊಟ್ಟೆ. ಅವರು ಮೀನುಗಳನ್ನು ಬಲೆಯಲ್ಲಿ ಹಿಡಿದು ಅದರಲ್ಲಿ ಬಿಟ್ಟರು. ಕಲ್ಲುಗಳನ್ನೆಲ್ಲ ಬಕೆಟ್ಟಿಗೆ ಸುರಿದರು. ಬಚ್ಚಲಿಂದ ಕೂಗಿದರು: "ಬ್ಲೀಚ್ ಎಲ್ಲಿಟ್ಟಿದೀಯ?"

ನಾನು ಬೀನ್ಸ್ ಹೆಚ್ಚುತ್ತಿದ್ದೆ. ಚಾಕು ಕೆಳಗಿಟ್ಟೆ. ಸಿಂಕಿನ ಕೆಳಗಿನಿಂದ ಬಾಟಲಿ ತೆಗೆದೆ. ಬಚ್ಚಲಿನ ಬಾಗಿಲವರೆಗೆ ನಡೆದು ಹೋಗಿ ಅವರ ಕೈಗೆ ಕೊಟ್ಟೆ. ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಮಗಳು ಕೂರಿಸಿ ಹೇಳಿದ್ದು ಒಂದಕ್ಷರವೂ ಮರೆತಿರಲಿಲ್ಲ. ಆದರೂ ಕೊಟ್ಟೆ. ಯಾಕೆಂದರೆ ಈ ಮನೆಯಲ್ಲಿ ಅತ್ತಿಗೆ ಕೇಳಿದ್ದನ್ನು ಕೊಡುವುದು ನನಗೆ ಉಸಿರಾಡಿದಷ್ಟೇ ಅಭ್ಯಾಸವಾಗಿತ್ತು.

ಅವರು ಕೆಲಸಗಳ್ಳಿಯಲ್ಲ. ಬಿಸಿನೀರಿಗೆ ಬ್ಲೀಚ್ ಹಾಕಿ ಕಲ್ಲು, ಸ್ಪಂಜು, ಫಿಲ್ಟರಿನ ಪೈಪು ಎಲ್ಲವನ್ನೂ ಅರ್ಧ ಗಂಟೆ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಏಳು ಸಲ ಜಾಲಿಸಿದರು. ಮೂಸಿ ನೋಡಿದರೂ ವಾಸನೆ ಇರಲಿಲ್ಲ. ಹೊಸ ನೀರು ತುಂಬಿದರು. ನಲ್ಲಿ ನೀರಿನ ಕ್ಲೋರಿನ್ ಹೋಗಲಾಡಿಸುವ ಚುಕ್ಕಿಯ ಬಾಟಲಿಯಿಂದ ನಾನು ಕದ್ದುಮುಚ್ಚಿ ಹನಿ ಹಾಕಿದೆ. ಅಷ್ಟು ಮಾಡಿದೆ. ಅಷ್ಟೇ ಮಾಡಿದೆ. ಆ ಹನಿಗಳಿಂದಾಗಿಯೇ ಮೀನುಗಳು ಆವತ್ತೇ ಸಾಯಲಿಲ್ಲ, ಅತ್ತಿಗೆ ಹೊರಟುಹೋದ ಮೇಲೆ ಸತ್ತವು.

ಸಂಜೆ ಚುಕ್ಕಿ ಬ್ಯಾಗು ಹೆಗಲಲ್ಲಿದ್ದ ಹಾಗೇ ಟ್ಯಾಂಕಿನ ಮುಂದೆ ನಿಂತಳು. ಗಾಜು ಇದೆಯೋ ಇಲ್ಲವೋ ಎಂಬಂತೆ ಹೊಳೆಯುತ್ತಿತ್ತು. ಅವಳು ಮುಚ್ಚಳ ಎತ್ತಿ ಸ್ಪಂಜು ಹೊರಗೆ ತೆಗೆದಳು. ಅದು ಅಂಗಡಿಯಿಂದ ತಂದ ದಿನದಷ್ಟೇ ಬೆಳ್ಳಗಿತ್ತು.

"ಯಾರು ತೊಳೆದಿದ್ದು?"

"ನಾನೇ ಕಣೇ," ಎಂದರು ಅತ್ತಿಗೆ ಖುಷಿಯಿಂದ. "ಹೇಗಿದೆ? ಈಗ ನಿನ್ನ ಮೀನುಗಳಿಗೆ ದಾರಿ ಕಾಣತ್ತೆ."

"ಅತ್ತೆ, ಇದರಲ್ಲಿ ಬ್ಯಾಕ್ಟೀರಿಯಾ ಇತ್ತು! ನಾನು ಬೆಳೆಸಿದ್ದು!"

ಅತ್ತಿಗೆ ಬಿದ್ದು ಬಿದ್ದು ನಕ್ಕರು. "ಕೇಳಿದ್ಯೇನೋ?" ಎಂದು ಆಗಷ್ಟೇ ಕೆಲಸದಿಂದ ಬಂದ ಇವರನ್ನು ಕರೆದರು. "ನಿನ್ನ ಮಗಳು ಬ್ಯಾಕ್ಟೀರಿಯಾ ಸಾಕ್ತಾಳಂತೆ! ಇಪ್ಪತ್ತಾರು ವರ್ಷ ಅವನ್ನ ಕೊಂದೇ ಸಂಬಳ ತಗೊಂಡವಳು ನಾನು. ನನ್ನ ತಮ್ಮನ ಮನೇಲಿ ಅದಕ್ಕೆ ಊಟ ಹಾಕಿ ಸಾಕ್ತಾರೆ!"

ಇವರೂ ನಕ್ಕರು. ಚುಕ್ಕಿ ನಗಲಿಲ್ಲ.

"ಯಾತರಲ್ಲಿ ತೊಳೆದ್ರಿ? ಹೇಳಿ ಅತ್ತೆ. ಸೋಪಾ? ಏನು ಹಾಕಿದ್ರಿ? ನನ್ನನ್ನ ಕೇಳದೆ ಯಾಕೆ ಮುಟ್ಟಿದ್ರಿ?"

"ಏಯ್, ಅತ್ತೆ ಜೊತೆ ಹೀಗಾ ಮಾತಾಡೋದು?" ಇವರ ದನಿ ಗಡುಸಾಯಿತು.

ಅತ್ತಿಗೆಯ ನಗು ನಿಂತಿತು. ತಮ್ಮನ ಮುಖ ನೋಡಿದರು, ಹುಡುಗಿಯ ಕೈಯಲ್ಲಿದ್ದ ಸ್ಪಂಜು ನೋಡಿದರು. "ಬರೀ ನೀರಲ್ಲಿ ಹಿಂಡಿ ಇಟ್ಟೆ ಕಣಮ್ಮ," ಎಂದರು. "ಅಷ್ಟಕ್ಕೆ ಇಷ್ಟು ಕೂಗಾಟವಾ?"

"ನೀರಲ್ಲಿ ಹಿಂಡಿದ್ರೆ ಇಷ್ಟು ಬೆಳ್ಳಗಾಗತ್ತಾ?"

"ನನ್ನ ಕೈಗುಣ."

ಚುಕ್ಕಿ ನನ್ನ ಕಡೆ ತಿರುಗಿದಳು. "ಅಮ್ಮ, ನೀನು ಮನೇಲೇ ಇದ್ಯಲ್ಲ. ಬರೀ ನೀರಾ?"

ಮೂವರೂ ನನ್ನನ್ನು ನೋಡುತ್ತಿದ್ದರು.

"ನಾನು ಅಡುಗೆಮನೇಲಿದ್ದೆ," ಎಂದೆ. "ನೋಡಲಿಲ್ಲ."

ಅವಳು ನಳಿಕೆಯಲ್ಲಿ ನೀರು ಹಿಡಿದು ಹನಿ ಹಾಕಿದಳು. ಹಳದಿ. ಹೊಸ ನೀರಿಗೆ ಇನ್ನೇನು ಬಣ್ಣ ಬರುತ್ತದೆ? "ನೋಡು, ನಿನ್ನ ಪರೀಕ್ಷೆನೇ ಪಾಸು ಮಾಡಿದೆ," ಎಂದರು ಇವರು. ಬಲವಂತ ಮಾಡಿ ಅವಳಿಂದ ಕ್ಷಮೆ ಕೇಳಿಸಿದರು. ಅವಳು "ಸಾರಿ ಅತ್ತೆ" ಎಂದು ನೆಲಕ್ಕೆ ಹೇಳಿದಳು. ಮರುದಿನ ಬೆಳಿಗ್ಗೆ ಅತ್ತಿಗೆ ತಮ್ಮ ಮನೆಗೆ ಹೋದರು.

ಶನಿವಾರ ಮೊದಲ ಟೆಟ್ರಾ ಸತ್ತಿತು. ಅದರ ನೀಲಿ ಗೆರೆ ಬೂದಿಯಂತಾಗಿತ್ತು. ಉಳಿದವು ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿದ್ದವು. ನಳಿಕೆಯ ನೀರು ಹಸಿರಾಗಿತ್ತು. ಚುಕ್ಕಿ ಬಕೆಟ್ಟು, ಪೈಪು ಹಿಡಿದು ಕಾಲು ಭಾಗ ನೀರು ಬದಲಿಸಿದಳು. ಸೋಮವಾರ ಇನ್ನೆರಡು ಸತ್ತವು. ಅವಳು ಶಾಲೆಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ನೀರು ಬದಲಿಸತೊಡಗಿದಳು. ಬಕೆಟ್ಟಿನ ಹಿಡಿಕೆಯಿಂದ ಅವಳ ಅಂಗೈಯಲ್ಲಿ ಗುಳ್ಳೆ ಎದ್ದವು.

ಅತ್ತಿಗೆಯ ಫೋನು ಬಂತು. ಇವರು ಸ್ಪೀಕರಿಗೆ ಹಾಕಿದರು.

"ನಾನು ಬಿಟ್ಟು ಬಂದಾಗ ಎಷ್ಟು ಚೆನ್ನಾಗಿತ್ತಲ್ಲೋ! ಜಾಸ್ತಿ ಊಟ ಹಾಕಿರ್ತಾಳೆ. ಮಕ್ಕಳ ಕೈಗೆ ಜೀವ ಕೊಡಬಾರದು."

"ಅದೇ ಅಕ್ಕ, ನಾನೂ ಅದನ್ನೇ ಅಂದೆ."

ಫೋನಿಟ್ಟು ಚುಕ್ಕಿಗೆ ಹೇಳಿದರು: "ನೋಡು ಪುಟ್ಟ, ಬೇಜಾರು ಮಾಡ್ಕೋಬೇಡ. ನಿಭಾಯಿಸಕ್ಕೆ ಬರಲ್ಲ ಅಂದ್ರೆ ಅವುಗಳ ಪ್ರಾಣ ಯಾಕೆ ತೆಗೀಬೇಕು? ಭಾನುವಾರ ಟ್ಯಾಂಕು ಖಾಲಿ ಮಾಡೋಣ. ಉಳಿದಿರೋ ಮೀನುಗಳನ್ನ ಅಂಗಡಿಯವರಿಗೇ ವಾಪಸ್ಸು ಕೊಡೋಣ."

ಅವರು ಅದನ್ನು ಮೃದುವಾಗಿಯೇ ಹೇಳಿದರು. ಅದೇ ನನ್ನನ್ನು ಸುಟ್ಟಿದ್ದು. ಬೈದಿದ್ದರೆ ಅವಳು ತಿರುಗಿ ಬೀಳುತ್ತಿದ್ದಳು. ಆ ಮೃದು ಮಾತಿಗೆ ಅವಳು ತಲೆಯಾಡಿಸಿದಳು.

ಬುಧವಾರ ಸಂಜೆ ಅವಳು ನನ್ನ ಮಷಿನ್ನಿನ ಮೂಲೆಯಲ್ಲಿ ಒಂದು ಬಿಳಿ ಕಾಗದ ಹಾಸಿಕೊಂಡು ಕೂತಿದ್ದಳು. ಅದರ ಮೇಲೆ ಮೀನಿನ ಊಟದ ಸಣ್ಣ ಕಾಳುಗಳನ್ನು ಸುರಿದು, ಗುಂಡುಸೂಜಿಯ ತುದಿಯಿಂದ ಒಂದೊಂದಾಗಿ ಸರಿಸುತ್ತ ಎಣಿಸುತ್ತಿದ್ದಳು.

"ಏನು ಮಾಡ್ತಿದೀಯ ಮರಿ?"

"ಒಂದು ಚಿಟಿಕೆಗೆ ಎಷ್ಟು ಬರತ್ತೆ ಅಂತ." ತಲೆ ಎತ್ತಲಿಲ್ಲ. "ಅತ್ತೆ ಬರೀ ನೀರಲ್ಲಿ ಹಿಂಡಿದ್ರೆ ಅರ್ಧ ಬ್ಯಾಕ್ಟೀರಿಯಾ ಆದ್ರೂ ಉಳೀಬೇಕಿತ್ತು ಅಮ್ಮ. ಇಷ್ಟು ಬೇಗ ಹೀಗಾಗಲ್ಲ. ಹಾಗಾದ್ರೆ ನಾನೇ ಊಟ ಜಾಸ್ತಿ ಹಾಕಿದೀನಿ. ನಲವತ್ತು ಕಾಳು ಅಂದ್ಕೊಂಡಿದ್ದೆ, ಅರವತ್ತೆರಡು ಇದೆ ನೋಡು."

ಆ ಗುಂಡುಸೂಜಿ ನನ್ನದೇ. ನನ್ನ ಡಬ್ಬಿಯಿಂದ ತೆಗೆದುಕೊಂಡಿದ್ದು. ಅದರ ತುದಿ ಕಾಗದದ ಮೇಲೆ ಕಾಳು ಸರಿಸುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅವಳ ಲೆಕ್ಕ ಸರಿಯಾಗಿತ್ತು. ನಾವು ಕೊಟ್ಟ ಸುಳ್ಳಿಗೆ ಅವಳು ತಪ್ಪಿಲ್ಲದೆ ಲೆಕ್ಕ ಮಾಡಿ, ತಾನೇ ಕೊಂದೆ ಎಂಬ ಉತ್ತರ ತೆಗೆದಿದ್ದಳು. ಅಲ್ಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ. "ಊಟಕ್ಕೆ ಬಾ," ಎಂದು ಹೇಳಿ ಎದ್ದುಹೋದೆ.

ಪಾತ್ರೆ ತಿಕ್ಕುವಾಗ ಒಂದು ಲೋಟ ಸಿಂಕಿಗೆ ಬಡಿದು ನೆಗ್ಗಿತು. ನಾನೇ ಬಡಿದದ್ದು. ಅತ್ತಿಗೆಯ ಮೇಲೆ ಸಿಟ್ಟು, ಇವರ ನಗುವಿನ ಮೇಲೆ ಸಿಟ್ಟು. ಅದಕ್ಕಿಂತ ಹೆಚ್ಚಾಗಿ ಬಚ್ಚಲಿನ ಬಾಗಿಲವರೆಗೆ ನಡೆದುಹೋದ ಆ ಹೆಂಗಸಿನ ಮೇಲೆ ಸಿಟ್ಟು. ನನ್ನನ್ನು ತಾಳ್ಮೆಯವಳು ಎಂದು ಎಲ್ಲರೂ ಹೊಗಳುತ್ತಾರೆ. ಆ ತಾಳ್ಮೆಯ ಬೆಲೆಯನ್ನು ಹದಿಮೂರು ವರ್ಷದ ಮಗು ಕಾಳು ಎಣಿಸಿ ತೀರಿಸುತ್ತಿತ್ತು.

ಮರುದಿನ ಅವಳು ಶಾಲೆಗೆ ಹೋದ ಮೇಲೆ ಜಾಮಿನ ಖಾಲಿ ಬಾಟಲಿಯಲ್ಲಿ ಟ್ಯಾಂಕಿನ ನೀರು ತುಂಬಿಕೊಂಡು ಮೀನಿನ ಅಂಗಡಿಗೆ ಹೋದೆ. ಅಂಗಡಿಯವರು ದಪ್ಪ ಕನ್ನಡಕದ ವಯಸ್ಸಾದ ಮನುಷ್ಯ. ಮಕ್ಕಳೆಲ್ಲ ಅವರನ್ನು ಸೋಡಾಬುಡ್ಡಿ ಮಾಮ ಎನ್ನುತ್ತಾರೆ, ಅವರೂ ಹಾಗೇ ಓಗೊಡುತ್ತಾರೆ. ನೀರಿಗೆ ಹನಿ ಹಾಕಿ ಅಲುಗಿಸಿದರು. ನಳಿಕೆ ಎಲೆಯಷ್ಟು ಹಸಿರಾಯಿತು.

"ಸ್ಪಂಜು ತೊಳೆದ್ರಾ?"

"ಹೌದು."

"ಯಾತರಲ್ಲಿ?"

"ಬ್ಲೀಚಲ್ಲಿ."

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದರು. "ಪ್ರತಿ ಮನೇಲೂ ಒಬ್ಬರು ಇರ್ತಾರಮ್ಮ," ಎಂದರು. "ಹೋದ ತಿಂಗಳು ಒಬ್ಬ ಮಹಾನುಭಾವರು ಮೀನನ್ನೇ ಸೋಪು ಹಾಕಿ ತೊಳೆದು ತಂದಿದ್ರು. ಯಾರು ತೊಳೆದಿದ್ದು? ಆ ಹುಡುಗಿ ಅಲ್ಲ, ಅದು ನನಗೇ ಪಾಠ ಹೇಳತ್ತೆ."

"ನಮ್ಮ ಅತ್ತಿಗೆ," ಎಂದೆ. ಆಮೇಲೆ, "ಬ್ಲೀಚ್ ಎತ್ತಿ ಕೊಟ್ಟಿದ್ದು ನಾನು," ಎಂದೆ.

ಹೊರಗಿನವರೊಬ್ಬರ ಮುಂದೆ ಮೊದಲ ಸಲ ಅದು ಬಾಯಿಂದ ಬಿತ್ತು. ಅವರು ಒಳಗೆ ಹೋಗಿ ತಮ್ಮ ಹಳೆಯ ಟ್ಯಾಂಕೊಂದರಲ್ಲಿ ಓಡುತ್ತಿದ್ದ ಫಿಲ್ಟರಿನ ಸ್ಪಂಜು ಕಳಚಿ, ಅದೇ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದರು. ಕಪ್ಪಗೆ, ಲೋಳೆಲೋಳೆಯಾಗಿ ಜೋತುಬಿದ್ದಿತ್ತು.

"ಒಂದು ವರ್ಷದ್ದು. ಇದರಲ್ಲಿ ಕೋಟಿಗಟ್ಟಲೆ ಇವೆ. ಒಣಗೋದರೊಳಗೆ ಹಾಕಿ. ನೀರು ಅರ್ಧರ್ಧ ಬದಲಿಸ್ತಿರಿ, ಎರಡು ದಿನ ಊಟ ಹಾಕಲೇಬೇಡಿ." ಚೀಲ ಕೊಟ್ಟು ಎರಡೂ ಕೈ ಜೋಡಿಸಿದರು. "ಇದನ್ನ ಮಾತ್ರ ತೊಳೀಬೇಡಿ ತಾಯಿ, ಕೈ ಮುಗೀತೀನಿ."

ಮನೆಗೆ ಬಂದು ನಾನೇ ಹಾಕಿದೆ. ಸಂಜೆ ಚುಕ್ಕಿ ನೋಡಿ, "ಇದೆಲ್ಲಿಂದ ಬಂತು?" ಎಂದಳು. "ಸೋಡಾಬುಡ್ಡಿ ಮಾಮ ಕೊಟ್ಟರು," ಎಂದೆ. "ಭಾನುವಾರ ತೆಗೆದುಬಿಡ್ತೀವಲ್ಲ, ಯಾಕೆ ತಂದೆ?" ಎಂದು ಬ್ಯಾಗಿಟ್ಟು ಒಳಗೆ ಹೋದಳು. ಅಷ್ಟರಲ್ಲಿ ಆರು ಸತ್ತಿದ್ದವು. ಐದು ಉಳಿದಿದ್ದವು.

ಭಾನುವಾರ ಮಧ್ಯಾಹ್ನದ ಊಟಕ್ಕೆ ಅತ್ತಿಗೆ ಬಂದರು. ಇವರು ಹಳೆಯ ಅಂಗಿ ಹಾಕಿಕೊಂಡು, ಪೈಪು, ಎರಡು ಬಕೆಟ್ಟು ತಂದಿಟ್ಟು, ಟ್ಯಾಂಕಿನ ಲೈಟಿನ ವೈರು ಬಿಚ್ಚುತ್ತಿದ್ದರು. ಚುಕ್ಕಿ ಬಲೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅತ್ತಿಗೆ ಗೋಡೆಯ ಕಡೆ ಹೋಗದೆ ನೇರ ಅಲ್ಲಿಗೇ ಬಂದರು. ಮುಚ್ಚಳ ಎತ್ತಿದರು.

"ಛೀ! ಹತ್ತು ದಿನಕ್ಕೇ ಹೀಗಾ? ಇದಕ್ಕೇ ಮತ್ತೆ ಸಾಯ್ತಿರೋದು. ತಡಿ, ಇದನ್ನ ಮೊದಲು..." ಎಂದು ಬಳೆ ಮೇಲಕ್ಕೆ ಸರಿಸಿ ಸ್ಪಂಜಿಗೆ ಕೈ ಹಾಕಿದರು.

ನಾನು ಅವರ ಮಣಿಕಟ್ಟು ಹಿಡಿದುಕೊಂಡೆ.

ಅಡುಗೆಮನೆಯಿಂದ ಯಾವಾಗ ಬಂದೆನೋ ನನಗೇ ತಿಳಿಯಲಿಲ್ಲ. ನನ್ನ ಕೈ ಒದ್ದೆಯಾಗಿತ್ತು. ಅವರ ಕೈ ಬೆಚ್ಚಗಿತ್ತು.

"ಮುಟ್ಟಬೇಡಿ."

"ಏನೇ ಇದು?"

"ಮುಟ್ಟಬೇಡಿ ಅಂದೆ. ಈ ಮೀನುಗಳನ್ನ ಕೊಂದಿದ್ದು ಚುಕ್ಕಿ ಅಲ್ಲ. ನೀವು, ಮತ್ತೆ ನಾನು."

"ಏನು ಮಾತಾಡ್ತಿದೀಯ?" ಎಂದು ಇವರು ಎದ್ದು ನಿಂತರು.

"ಬರೀ ನೀರಲ್ಲಿ ಹಿಂಡಲಿಲ್ಲ ಅವರು. ಬಿಸಿನೀರಲ್ಲಿ ಬ್ಲೀಚ್ ಹಾಕಿ ಅರ್ಧ ಗಂಟೆ ನೆನೆಸಿದ್ರು. ಸ್ಪಂಜು, ಕಲ್ಲು, ಎಲ್ಲಾ. ನಲವತ್ತೈದು ದಿನ ಈ ಹುಡುಗಿ ಕಾದು ಕೂಡಿಸಿದ್ದನ್ನ ಅರ್ಧ ಗಂಟೇಲಿ ಬಚ್ಚಲಿಗೆ ಚೆಲ್ಲಿದ್ರು. ಆಮೇಲೆ ಅವಳ ಹತ್ತಿರಾನೇ ಕ್ಷಮೆ ಕೇಳಿಸಿದ್ರಿ. ಅವಳು ಮೊನ್ನೆ ಗುಂಡುಸೂಜಿ ಹಿಡ್ಕೊಂಡು ಊಟದ ಕಾಳು ಎಣಿಸ್ತಾ ಕೂತಿದ್ಲು, ತಾನೇ ಕೊಂದೆ ಅಂತ. ಅತ್ತಿಗೆ, ನೀವು ಅದನ್ನ ನೋಡಿದ್ರಾ? ಇಲ್ಲ. ನೀವು ನೋಡೋದು ಗೋಡೆ!"

"ಅಕ್ಕನ ಮುಂದೆ ಧ್ವನಿ ಏರಿಸ್ತೀಯಾ?"

"ಏರಿಸ್ತೀನಿ. ಹದಿನೈದು ವರ್ಷದ್ದು ಬಾಕಿ ಇದೆ. ನಿಮಗೂ ಸೇರಿಸೇ ಹೇಳ್ತಿದೀನಿ. ಅಕ್ಕ ನಕ್ಕ ತಕ್ಷಣ ನಗೋದಲ್ಲ. ನಿಮ್ಮ ಮಗಳು ಏನು ಹೇಳ್ತಿದಾಳೆ ಅಂತ ಒಂದು ಸಲ, ಒಂದೇ ಒಂದು ಸಲ ಕೂತು ಕೇಳಿದ್ರಾ? ಲಿಫ್ಟಿನ ಒಂದು ನಟ್ಟು ಸಡಿಲ ಆದ್ರೆ ಮೂರು ಸಲ ನೋಡ್ತೀರಿ!"

ಅತ್ತಿಗೆಯ ಮುಖ ಬಿಳಿಚಿಕೊಂಡಿತ್ತು. ಆದರೆ ಅವರೂ ಸುಲಭಕ್ಕೆ ಬಗ್ಗುವವರಲ್ಲ. ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡು, ಮೆಲ್ಲಗೆ, ಒಂದೊಂದೇ ಮಾತು ಆಡಿದರು.

"ಬ್ಲೀಚ್ ಎಲ್ಲಿಟ್ಟಿದೀಯ ಅಂತ ನಾನು ಕೇಳಿದೆ. ತಂದು ಕೈಗೆ ಕೊಟ್ಟೋರು ಯಾರು?"

"ನಾನು."

"ಹಾಕಬಾರದು ಅಂತ ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತಾ?"

ಚುಕ್ಕಿ ಬಲೆ ಹಿಡಿದ ಕೈಯನ್ನು ಕೆಳಗಿಳಿಸಿದ್ದಳು. ನಾನು ಅವಳನ್ನು ನೋಡಿಯೇ ಉತ್ತರ ಕೊಟ್ಟೆ.

"ಗೊತ್ತಿತ್ತು."

"ಮತ್ತೆ ನನ್ನ ಮೇಲೆ ಯಾಕೆ ಕೂಗ್ತೀಯ?"

"ನಿಮ್ಮ ಮೇಲೆ ಕೂಗ್ತಿರೋದು ಸುಳ್ಳು ಹೇಳಿದ್ದಕ್ಕೆ. ನನ್ನ ಮೇಲೆ ಕೂಗ್ಕೋತಿರೋದು ನಿಮಗೆ ಕೇಳಿಸ್ತಿಲ್ಲ, ಅಷ್ಟೇ."

ಅತ್ತಿಗೆ ಚೀಲ ತೆಗೆದುಕೊಂಡರು. ಊಟಕ್ಕೆ ನಿಲ್ಲಲಿಲ್ಲ. ಇವರು "ಅಕ್ಕ, ಅಕ್ಕ" ಎನ್ನುತ್ತ ಮೆಟ್ಟಿಲವರೆಗೆ ಓಡಿದರು. ನಾನು ಅಲ್ಲೇ ನಿಂತು ಲೈಟಿನ ವೈರನ್ನು ಮತ್ತೆ ಸಿಕ್ಕಿಸಿದೆ. ವಾಪಸ್ಸು ಬಂದು ಇವರು ಬಕೆಟ್ಟು ಮುಟ್ಟಲಿಲ್ಲ. ಅಂಗಿ ಬದಲಿಸಿ ಒಬ್ಬರೇ ಊಟಕ್ಕೆ ಕೂತರು. ಅರ್ಧ ಊಟದಲ್ಲಿ ಕೇಳಿದರು, ನನ್ನನ್ನಲ್ಲ, ಚುಕ್ಕಿಯನ್ನು: "ಆ ಬ್ಯಾಕ್ಟೀರಿಯಾ... ಅದಕ್ಕೆ ಎಷ್ಟು ವಾರ ಬೇಕು ಅಂದೆ?"

ಅವಳು ಅಪ್ಪನನ್ನು ದಾಟಿ ಅಡುಗೆಮನೆಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ನಾನು ಕಾಳು ಎಣಿಸ್ತಿದ್ದಾಗಲೂ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನೋಡಿಲ್ಲ ಅಂದ್ಯಲ್ಲ."

"ಸುಳ್ಳು ಹೇಳಿದೆ."

"ಅತ್ತೆಗಾದ್ರೆ ಗೊತ್ತಿರಲಿಲ್ಲ. ನಿನಗೆ ನಾನೇ ಹೇಳ್ಕೊಟ್ಟಿದ್ದೆ. ಗೊತ್ತಿಲ್ಲದಿದ್ರೆ ಕೇಳಬೇಕು, ಗೊತ್ತಿದ್ರೆ ಹೇಳಬೇಕು. ಅಷ್ಟೂ ಬರಲ್ವಾ ನಿಮಗೆಲ್ಲ?"

ಅಪ್ಪಿಕೊಳ್ಳಲು ಕೈ ಚಾಚಿದೆ. ತಟ್ಟಿ ಸರಿಸಿಬಿಟ್ಟಳು. ಆ ಏಟು ನನಗೆ ಬರಬೇಕಾಗಿದ್ದೇ.

ಆಮೇಲೆ ಒಂಬತ್ತು ದಿನ ಅವಳು ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದಳು. ನೀರು ಬದಲಿಸುವಾಗ ನಾನು ಬಕೆಟ್ಟು ಎತ್ತಲು ಹೋದರೆ "ನಾನೇ ಮಾಡ್ಕೋತೀನಿ" ಎಂದಳು. ಇವರು ಮಾತ್ರ ಒಂದು ಸಂಜೆ ಕೇಳದೆಯೇ ಬಕೆಟ್ಟಿನ ಹಿಡಿಕೆಗೆ ರಬ್ಬರ್ ಪಟ್ಟಿ ಸುತ್ತಿ ಕೊಟ್ಟರು. ಅದನ್ನು ಅವಳು ತೆಗೆದುಕೊಂಡಳು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ನಕ್ಕವರಿಗೆ ಬೇಗ ಕ್ಷಮೆ, ಸುಮ್ಮನಿದ್ದವಳಿಗೆ ತಡ. ಯೋಚಿಸಿದರೆ ಅದೂ ನ್ಯಾಯವೇ. ಐದು ಮೀನೂ ಉಳಿದವು.

ಹತ್ತನೇ ದಿನ ಸಂಜೆ ಅತ್ತಿಗೆಯ ಫೋನು ಬಂತು. ನಾನು ಒಂದು ಪ್ಯಾಂಟಿನ ಹೊಲಿಗೆ ಬಿಚ್ಚುತ್ತಿದ್ದೆ. ಇವರು ಸ್ವಲ್ಪ ಹೊತ್ತು ಹ್ಞೂಂಗುಟ್ಟಿ, "ನಿನ್ನ ಹತ್ತಿರ ಮಾತಾಡಬೇಕಂತೆ" ಎಂದು ಫೋನನ್ನು ಚುಕ್ಕಿಗೆ ಕೊಟ್ಟರು. ಸ್ಪೀಕರ್ ಹಾಗೇ ಇತ್ತು.

"ಎಷ್ಟು ಉಳಿದಿವೆಯೇ?"

"ಐದು, ಅತ್ತೆ."



"ನನಗೆ ಗೊತ್ತಿರಲಿಲ್ಲ ಕಣಮ್ಮ."

"ಗೊತ್ತಿಲ್ಲದಿದ್ರೆ ನನ್ನನ್ನ ಕೇಳಬೇಕಿತ್ತು ಅತ್ತೆ. ಆಮೇಲೆ ಬರೀ ನೀರು ಅಂತ ಸುಳ್ಳು ಹೇಳಬಾರದಿತ್ತು."

ಇವರು ತಟ್ಟನೆ ನನ್ನ ಕಡೆ ನೋಡಿದರು. ಹೀಗೆಲ್ಲ ದೊಡ್ಡವರ ಜೊತೆ ಮಾತಾಡಬಾರದು ಎಂದು ಗದರಿಸುವುದು ಈ ಮನೆಯಲ್ಲಿ ಹೆಚ್ಚಾಗಿ ನನ್ನ ಪಾಲಿನ ಕೆಲಸ. ನಾನು ತಲೆ ತಗ್ಗಿಸಿ ಇನ್ನೊಂದು ಹೊಲಿಗೆ ಬಿಚ್ಚಿದೆ. ಇವರು ಕಾದರು. ನಾನು ಇನ್ನೂ ಒಂದು ಬಿಚ್ಚಿದೆ.

"ಇಷ್ಟುದ್ದ ಬೆಳೆದುಬಿಟ್ಟಿದೀಯ ನೀನು," ಎಂದರು ಅತ್ತಿಗೆ ಫೋನಿನಲ್ಲಿ. ಸಿಟ್ಟೋ ನೋವೋ ಗೊತ್ತಾಗಲಿಲ್ಲ. "ನಿಮ್ಮಮ್ಮ ಹೇಳ್ಕೊಟ್ಟಳಾ ಇದನ್ನ?"

"ಅಮ್ಮ ಏನು ಹೇಳ್ಕೊಡ್ತಾಳೆ," ಎಂದಳು ಚುಕ್ಕಿ. ನನ್ನ ಕಡೆ ಒಮ್ಮೆ ಕಣ್ಣು ಹಾಯಿಸಿದಳು. "ಅಮ್ಮಂಗೂ ಇದನ್ನೇ ಹೇಳಿದೀನಿ."